ದ್ರಾಕ್ಷಿ ತೋಟದ ಕಡೆಗೆ ಸಿಗದ ಸರದಿ

ಮಗಳು ಹುಟ್ಟಿ ಬೆಳೆದದ್ದು ನಾಸಿಕದಲ್ಲಿ. ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದುದು ಮರಾಠಿ. ಅದಕ್ಕೇ ಪಿಂಪಳಗಾಂವ್ ಬಸವಂತದಲ್ಲಿದ್ದುಕೊಂಡು ವಿಡಿಯೊದಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಅಕ್ಕೋರೊಬ್ಬರ ಬಳಿ ಸೇರಿಸಿದೆ. ನಮ್ಮ ಬೀದರ್ ಕಡೆಯವರು. ಗಂಡನದು ಈರುಳ್ಳಿ ವ್ಯಾಪಾರ. ಮನೆ ಊರಾಚೆ, ದ್ರಾಕ್ಷಿ ತೋಟಗಳ ನಡುವೆ. ಸಂಜೆ ಏಳೆಂಟು ಮಕ್ಕಳು ವಿಡಿಯೊದಲ್ಲಿ ಸೇರಿ ಅವರ ಕಥೆಗಳಿಗೆ ನಗುತ್ತಿದ್ದರು.

ನಾನು ಆ ಭಾಗದ ಮೊಬೈಲ್ ನೆಟ್‌ವರ್ಕ್ ನೋಡಿಕೊಳ್ಳುವ ಎಂಜಿನಿಯರ್. ಹೊಸ ಟವರಿನ ಹತ್ತಾರು ಆಂಟೆನಾಗಳು ಒಂದೇ ಕ್ಷಣದಲ್ಲಿ ಹಲವರಿಗೆ, ಬೇರೆ ಬೇರೆ ದಿಕ್ಕಿಗೆ ಡೇಟಾ ಕಳಿಸುತ್ತವೆ. ಯಾರಿಗೆ ಎಷ್ಟು ಸರದಿ ಎಂಬುದನ್ನು ನಾವು ಹೊಂದಿಸಬಹುದು. ಸಿಗ್ನಲ್ ಚೆನ್ನಾಗಿರುವವರಿಗೇ ಹೆಚ್ಚು ಸರದಿ ಕೊಟ್ಟರೆ ಟವರಿನ ಒಟ್ಟು ವೇಗ ಏರುತ್ತದೆ, ದೂರದವರು ಕಾಯುತ್ತಾರೆ. ಮೇಲಿನವರು ಕೇಳುತ್ತಿದ್ದುದು ಒಟ್ಟು ವೇಗವನ್ನು ಮಾತ್ರ. ಪಿಂಪಳಗಾಂವದ ಟವರಿಗೆ ಹಾಗೇ ಮಾಡಿದೆ. ಮೀಟಿಂಗಿನಲ್ಲಿ ಶಭಾಷ್ ಎಂದರು.

ಕೆಲವೇ ದಿನಗಳಲ್ಲಿ ಪಾಠ ನಡುನಡುವೆ ಕಡಿದುಹೋಗತೊಡಗಿತು. ಅಕ್ಕೋರ ಮುಖ ನಿಂತುಬಿಡುತ್ತಿತ್ತು, ಮಾತು ಅರ್ಧಕ್ಕೇ ತುಂಡಾಗುತ್ತಿತ್ತು. ಒಂದು ದಿನ ಅವರೇ ಫೋನ್ ಮಾಡಿದರು.

“ಅಣ್ಣಾರ, ನೀವು ಟವರಿನ ಕೆಲಸದಾಗ ಇದ್ದೀರಿ. ಮುಂಜಾನಿ ಛಲೋ ಇರ್ತದ, ಸಂಜಿಗಿ ಯಾಕ ಹಿಂಗ ಆಗ್ಲತದರಿ?”

“ಟವರ್ ಏಕದಂ ಛಲೋ ಅದರಿ ಅಕ್ಕೋರೆ. ನಿಮ್ಮ ಫೋನ್ ಹಳೇದಾಗಿರಬೇಕು, ಬದಲಿ ಮಾಡ್ರಿ,” ಎಂದೆ. ಟವರಿನ ದಾಖಲೆ ನೋಡದೆಯೇ ಹೇಳಿದ ಮಾತು.

ಅವರು ಹೊಸ ಫೋನ್ ತಂದರು. ಪಾಠ ಕಡಿದುಹೋಗುತ್ತಲೇ ಇತ್ತು. ಮಕ್ಕಳು ಒಬ್ಬೊಬ್ಬರೇ ಬಿಟ್ಟರು. ನಾನೂ ಮಗಳನ್ನು ಬಿಡಿಸಿದೆ.

ತಿಂಗಳುಗಳ ನಂತರ ಸಂಭಾಜಿನಗರದ ಹತ್ತಿರ, ಶೇಂದ್ರಾದ ಟವರುಗಳಿಗೂ ಅದೇ ಬದಲಾವಣೆ ಮಾಡಲು ಹೋದೆ. ಅಲ್ಲಿನ ಸಹೋದ್ಯೋಗಿಯೊಬ್ಬಳು, ದೂರದವರಿಗೆ ಏನಾಗುತ್ತದೆಂದು ನೋಡಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದಳು. ನಾನು ನೋಡಿರಲಿಲ್ಲ. ಪಿಂಪಳಗಾಂವದ ಟವರಿನ ದಾಖಲೆ ತೆರೆದೆ. ಸಂಜೆ ಪೇಟೆಯಲ್ಲಿ, ಹೆದ್ದಾರಿಯಲ್ಲಿ ಜನ ಸೇರಿದ ಹೊತ್ತಿಗೆ ತೋಟಗಳ ಕಡೆಗೆ ಸರದಿ ಬರುತ್ತಲೇ ಇರಲಿಲ್ಲ. ಅಂದೇ ಹಳೆಯ ಹಂಚಿಕೆಗೆ ಮರಳಿಸಿದೆ. ಭಾನುವಾರ ಅಕ್ಕೋರ ಮನೆಗೆ ಹೋದೆ.

“ತಪ್ಪು ನಂದರಿ. ನಿಮ್ಮ ಫೋನಿಂದಲ್ಲ.”

ಅವರು ಒಲೆಯ ಮೇಲೆ ಚಹಾಕ್ಕೆ ಇಟ್ಟರು. “ಟವರ್ ಛಲೋ ಅದ ಅಂದಿದ್ರಿ. ಹೊಸಾ ಫೋನೂ ಬಂತು. ಆಮ್ಯಾಲ ನನಗೇ ಫೋನ್ ನಡಸಲಿಕ್ಕಿ ಬರಂಗಿಲ್ಲ ಅಂದ್ಕೊಂಡೆರಿ. ನಾಚಿಕಿ ಆಯ್ತು, ಬಿಟ್ಟೆ.”

ಈಗ ದ್ರಾಕ್ಷಿ ಪ್ಯಾಕ್ ಮಾಡುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಾರಂತೆ. ಪಾಠ ಮತ್ತೆ ಶುರು ಮಾಡಿ ಎಂದು ಬೇಡಿಕೊಂಡೆ.

“ಮನಸ್ಸಿಲ್ಲರಿ ಅಣ್ಣಾರ,” ಎಂದರು. ಸಿಟ್ಟಿರಲಿಲ್ಲ. ಚಹಾ ಕೊಟ್ಟು ಬಾಗಿಲ ತನಕ ಬಂದರು.

ಆ ದಾಖಲೆ ನೋಡಲು ನನಗೆ ಹತ್ತು ನಿಮಿಷ ಸಾಕಿತ್ತು. ಅವರು ಫೋನ್ ಮಾಡಿದ ದಿನವೇ ನೋಡಬಹುದಿತ್ತು.