ಗುರುವಾರದ ಉಪವಾಸ ಮತ್ತು ಅಕ್ಕನ ಕಾಲು

ಅಕ್ಕಲಕೋಟೆಯ ನಮ್ಮ ಅಕ್ಕನಿಗೆ ಹೃದಯಾಘಾತವಾಗಿತ್ತು. ಸೋಲಾಪುರದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳಿದವಳು ಮೊದಲು ಮಾಡಿದ್ದು ಉಪವಾಸ ಹೆಚ್ಚಿಸಿಕೊಂಡದ್ದು. ಗುರುವಾರ ಮೊದಲಿನಿಂದಲೂ ಇತ್ತು. ದೇವರು ಜೀವ ಉಳಿಸಿದನೆಂದು ಸೋಮವಾರವೂ ಸೇರಿತು. ಉಳಿದ ದಿನ ಮೆತ್ತಗಿನ ಅನ್ನ, ತಿಳಿಸಾರು, ರವೆ ಗಂಜಿ. ವಾಯು ಎಂದು ಬೇಳೆ ಬಿಟ್ಟಳು, ಕೊಬ್ಬು ಎಂದು ಹಾಲು ಬಿಟ್ಟಳು. ಊಟಕ್ಕೆ ಶೇಂಗಾ ಹಿಂಡಿಯ ಚಟ್ನಿಪುಡಿ ಇಲ್ಲದೆ ಕೂರದಿದ್ದವಳು ಅದರ ಡಬ್ಬಿಯನ್ನೇ ಸೊಸೆಯ ಕೈಗೆ ಕೊಟ್ಟುಬಿಟ್ಟಳು. ನಾವ್ಯಾರೂ ಬೇಡ ಎನ್ನಲಿಲ್ಲ. ವಯಸ್ಸಾದವರ ಹೊಟ್ಟೆ ಹಗುರವಾಗಿರಬೇಕು, ಹೃದಯದ ರೋಗಿಯದಂತೂ ಇನ್ನೂ ಹಗುರ ಎಂದೇ ನಮ್ಮ ಮನೆಯವರ ತಿಳಿವಳಿಕೆ. ಅವಳು ತೆಳ್ಳಗಾದಷ್ಟೂ ಬಂದ ಬೀಗರೆಲ್ಲ ಹೊಗಳಿದರು.

ಒಂದು ಗುರುವಾರ ಗುಡಿಯಲ್ಲಿ ಆರತಿ ಮುಗಿಯಿತು. ಜನ ಎದ್ದರು, ಅಕ್ಕನಿಗೆ ನೆಲದಿಂದ ಏಳಲಾಗಲಿಲ್ಲ. ಗುರುತಿಲ್ಲದ ಇಬ್ಬರು ಹೆಂಗಸರು ರಟ್ಟೆ ಹಿಡಿದು ಎಬ್ಬಿಸಿದರು. ಅವಳಿಗೆ ಎದೆನೋವಿಗಿಂತ ಅದು ದೊಡ್ಡದಾಯಿತು. ಸೊಸೆ ನನಗೆ ಫೋನು ಮಾಡಿದಳು: "ಚಿಗವ್ವಾ, ಅತ್ತಿಯವರು ಗುಡಿಗಿ ಹೋಗೂದನ್ನ ಬಿಟ್ಟಾರ. ನೀವರ ಡಾಕ್ಟರ್ ಹಂತ್ಯಾಕ ಕರಕೊಂಡು ಹೋಗ್ರಿ."

ನಾನು ಸೋಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು, ಹೊತ್ತಿಗೇನು ಬರವಿಲ್ಲ. ಅಕ್ಕನನ್ನು ಕರೆಸಿಕೊಂಡು ಸ್ಟೆಂಟ್ ಹಾಕಿದ್ದ ಹೃದಯದ ಡಾಕ್ಟರ ಬಳಿಗೆ ಹೋದೆ. ಅವರು ಮರಾಠಿಯಲ್ಲಿ ಶುರುಮಾಡಿ, ಅಕ್ಕನ ಉತ್ತರ ಕೇಳಿ ಕನ್ನಡಕ್ಕೆ ಹೊರಳಿದರು. ಎಲ್ಲ ತಪಾಸಣೆ ಮುಗಿದ ಮೇಲೆ, "ಮಾವಶಿ, ಕೈ ಊರದಂಗ ಖುರ್ಚಿಯಿಂದ ಏಳ್ರಿ ನೋಡೂಣು" ಎಂದರು. ಅಕ್ಕ ಮುಂದಕ್ಕೆ ಬಾಗಿದಳು, ಅರ್ಧ ಎದ್ದಳು, ಮತ್ತೆ ಕೂತಳು.

"ನಿಮ್ಮ ಹಾರ್ಟ್ ಚಲೋ ಐತ್ರಿ. ತೊಡಿಯೊಳಗಿನ ಮಾಂಸ ಕರಗೇತಿ. ಊಟಕ್ಕ ಏನೇನು ತಗೋತೀರಿ?"

ಅಕ್ಕ ತಾನು ಬಿಟ್ಟಿದ್ದನ್ನೆಲ್ಲ ಹೆಮ್ಮೆಯಿಂದ ಹೇಳಿದಳು. ಡಾಕ್ಟರು ನಗಲಿಲ್ಲ. "ಎಣ್ಣಿ, ಉಪ್ಪು ಕಡಿಮಿ ಮಾಡ್ರಿ ಅಂದಿದ್ನಿ. ಬ್ಯಾಳಿ ಬಿಡ್ರಿ ಅಂದಿರ್ಲಿಲ್ಲ. ವಯಸ್ಸಾದಂಗ ಮೈಗಿ ಪ್ರೋಟೀನ್ ಹೆಚ್ಚು ಬೇಕಾಗ್ತದ. ನಿಮ್ಮ ಕಿಡ್ನಿ ಚಲೋ ಅದಾವ, ಹೆದರಬ್ಯಾಡ್ರಿ. ಎರಡೂ ಹೊತ್ತು ಗಟ್ಟಿ ಬ್ಯಾಳಿ, ಮೊಳಕಿ ಬಂದ ಮಡಕಿ ಕಾಳು, ಕೆನಿ ತಗದ ಮೊಸರು ಉಣ್ರಿ. ದಿನಾ ಖುರ್ಚಿ ಹಿಡಕೊಂಡು ಎದ್ದು ಕುಂತು ಮಾಡ್ರಿ. ಉಪವಾಸ ಮಾತ್ರ ಸಾಕು."

"ಹರಕಿ ಐತ್ರಿ," ಎಂದಳು ಅಕ್ಕ. ಡಾಕ್ಟರು ನನ್ನ ಮುಖ ನೋಡಿದರು.

ಹೃದಯದ ಕಾಯಿಲೆ ಎಂದರೆ ಎದೆಯದಷ್ಟೇ ಎಂದುಕೊಂಡಿದ್ದೆವು. ಆ ಹೃದಯ ಹೊತ್ತು ನಡೆಯಬೇಕಾದ ಕಾಲುಗಳ ಕಡೆ ಯಾರೂ ಕಣ್ಣು ಹಾಯಿಸಿರಲಿಲ್ಲ.

ಆ ವಾರ ಅಕ್ಕ ನನ್ನ ಮನೆಯಲ್ಲೇ ಉಳಿದಳು. ಸೋಮವಾರ ಬಂದಾಗ ತಟ್ಟೆ ಮುಂದಿಟ್ಟೆ. ಮುಟ್ಟಲಿಲ್ಲ.

"ದೇವ್ರಿಗೆ ಕೊಟ್ಟ ಮಾತು ತಪ್ಪು ಅಂತಿ ಏನ?"

"ಮಾತು ತಪ್ಪಬ್ಯಾಡ. ಬ್ಯಾರೆ ಏನರ ಬಿಡು. ನಿನಗ ಬಿಡಾಕ ಆಗಲಾರದ್ದ ಬಿಡು."

ಅವಳು ನನ್ನ ಕೈಯಲ್ಲಿದ್ದ ಚಹಾದ ಕಪ್ಪನ್ನೇ ನೋಡಿದಳು. ಅಕ್ಕ ಚಹಾದ ಮೇಲೆ ಬದುಕಿದವಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಕೇಳಿದ್ದೂ ಅದನ್ನೇ. "ಹಂಗಾದ್ರ ಸೋಮವಾರ, ಗುರುವಾರ ಚಾ ಬಂದ್," ಎಂದಳು. ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಉಂಡಳು. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿದೆ ಎಂದು ಮಲಗಿಬಿಟ್ಟಳು. ಇದು ಉಪವಾಸಕ್ಕಿಂತ ಕಠಿಣ ವ್ರತ ಎಂದು ಇಬ್ಬರಿಗೂ ಆಗಲೇ ಗೊತ್ತಾಯಿತು.

ಕಾಲುಗಳು ಬೇಗ ಒಲಿಯಲಿಲ್ಲ. ಅಕ್ಕ ಊರಿಗೆ ಮರಳಿದ ಮೇಲೆ ತಿಂಗಳುಗಟ್ಟಲೆ ಸೊಸೆ ಕಾಳು ನೆನೆಹಾಕಿದಳು, ಅಕ್ಕ ಹೊಟ್ಟೆಯುಬ್ಬರ ಎಂದು ಗೊಣಗಿದಳು. ಕುಕ್ಕರಿನಲ್ಲಿ ಇನ್ನೆರಡು ಸೀಟಿ ಹೆಚ್ಚಾಗಿ ಹೊಡೆಸಿದ ಮೇಲೆ ಅದೂ ಸರಿಹೋಯಿತು. ನೆಲದ ಮೇಲೆ ಕೂರುವುದು ಇವತ್ತಿಗೂ ಅವಳಿಗೆ ಆಗದು. ಗುಡಿಯಲ್ಲಿ ಗೋಡೆ ಪಕ್ಕದ ಖುರ್ಚಿಯೇ ಗತಿ. ಆದರೆ ಅದರಿಂದ ತಾನೇ ಏಳುತ್ತಾಳೆ, ಯಾರ ಕೈಯನ್ನೂ ಹಿಡಿಯುವುದಿಲ್ಲ.

ಹೋದ ತಿಂಗಳು ಎಸ್‌ಟಿ ಬಸ್ಸಿನಲ್ಲಿ ಒಬ್ಬಳೇ ನನ್ನಲ್ಲಿಗೆ ಬಂದಿದ್ದಳು. ರಾತ್ರಿ ನಾನು ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಕೂತೆ. ಅಕ್ಕ ನನ್ನ ತಟ್ಟೆಯನ್ನೂ ಬಡಕಲು ಮುಂಗೈಯನ್ನೂ ನೋಡಿದಳು.

"ಇಷ್ಟ ಏನ ನಿನ್ನ ಊಟ?"

"ಸಾಕಾಗ್ತದ ಅಕ್ಕಾ."

"ನನಗೂ ಸಾಕಾಗತಿತ್ತು," ಎಂದು ಅವಳು ಎದ್ದು ಹೋಗಿ, ಬೇಳೆಯ ಪಾತ್ರೆ ತಂದು ನನ್ನ ತಟ್ಟೆಗೆ ಬಡಿಸಿದಳು.