ಹನ್ನೆರಡು ಮಂದಿ, ಹದಿನಾಲ್ಕು ದಿನ

ಮಲಯಾಳ ಓದಲು ಬಾರದವರಿಗಾಗಿ ನಾನೊಂದು ಆ್ಯಪ್ ಮಾಡಿದ್ದೆ. ಸರಕಾರಿ ಪತ್ರದ ಫೋಟೋ ತೆಗೆದರೆ ಅದು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತದೆ. ಕನ್ನಡ ಶಾಲೆಯಲ್ಲಿ ಕಲಿತು, ಆಫೀಸಿನ ಕಾಗದ ಬಂದಾಗ ಇನ್ನೊಬ್ಬರ ಮುಖ ನೋಡುವವರಿಗೆ ಕೇರಳದ ಗಡಿಯೊಳಗಿರುವ ನಮ್ಮ ಮಂಜೇಶ್ವರದಲ್ಲಿ ಬರವಿಲ್ಲ. ಪಕ್ಕದ ಮನೆಯ ಟೈಲರಣ್ಣನೂ ಅವರಲ್ಲೊಬ್ಬರು.

ಆದರೆ ಆ್ಯಪ್ ಸ್ಟೋರಿನದ್ದೊಂದು ನಿಯಮವಿತ್ತು. ನನ್ನಂಥ ಒಂಟಿ ಡೆವಲಪರ್ ಹೊಸ ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಹನ್ನೆರಡು ಮಂದಿ ಅದನ್ನು ಹದಿನಾಲ್ಕು ದಿನ ಎಡೆಬಿಡದೆ ಪರೀಕ್ಷಿಸಬೇಕು. ದೊಡ್ಡ ಕಂಪೆನಿಗಳಿಗೆ ಈ ಪೀಡೆಯಿಲ್ಲ. ನೆಂಟರ, ಗೆಳೆಯರ ಕಾಲು ಹಿಡಿದು ಹನ್ನೊಂದು ಮಂದಿಯನ್ನು ಕೂಡಿಸಿದೆ. ಹನ್ನೆರಡನೆಯವರು ಟೈಲರಣ್ಣ. ಉಳಿದವರಿಗೆ ದಿನವೂ ನೆನಪಿಸಬೇಕಿತ್ತು, ಇವರಿಗೆ ಬೇಕಿರಲಿಲ್ಲ. ಮನೆಯ ಪತ್ರಗಳೆಲ್ಲ ಮುಗಿದ ಮೇಲೆ ಹಾಲಿನ ಪ್ಯಾಕೆಟ್, ಬಸ್ಸಿನ ಬೋರ್ಡು, ಗೋಡೆಯ ಪೋಸ್ಟರು, ಏನು ಕಂಡರೂ ಫೋಟೋ.

"ಇಷ್ಟು ವರ್ಷ ಎಂತದ್ದೆಲ್ಲ ಓದದೆ ಬಿಟ್ಟಿದ್ದೆ ಮಾರಾಯ," ಎಂದಿದ್ದರು.

ಹನ್ನೊಂದನೆಯ ದಿನ ಬೆಳಗ್ಗೆ ಅಂಗಡಿಯಲ್ಲಿ ಹೊಲಿಯುತ್ತಿದ್ದವರು ಅಲ್ಲೇ ಕುಸಿದು ತೀರಿಕೊಂಡರು.

ಹೇಳಲು ನಾಚಿಕೆಯಾಗುತ್ತದೆ. ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಉಳಿದ ಮೂರು ದಿನ. ಅವರ ಫೋನ್ ನಿಂತರೆ ಹನ್ನೆರಡು ಹನ್ನೊಂದಾಗಿ ಎಲ್ಲ ಮೊದಲಿನಿಂದ ಶುರುವಾದೀತೆಂಬ ಹೆದರಿಕೆ. ಅಂಗಳದಲ್ಲಿ ಕುರ್ಚಿ ಹಾಕುತ್ತಿರುವಾಗಲೇ ಅವರ ಹೆಂಡತಿಯ ಹತ್ತಿರ ಹೋಗಿ ಮೆಲ್ಲನೆ ಹೇಳಿದೆ: "ಅಕ್ಕ, ಅಣ್ಣನ ಫೋನ್ ಆಫ್ ಮಾಡ್ಬೇಡಿ. ಚಾರ್ಜಿಗೆ ಇಡಿ."

ಯಾಕೆಂದು ಅವರು ಕೇಳಲಿಲ್ಲ. ತಲೆಯಾಡಿಸಿದರು.

ಹದಿನಾಲ್ಕು ದಿನ ತುಂಬಿದ ಕೂಡಲೇ ಸ್ಟೋರಿಗೆ ಅರ್ಜಿ ಹಾಕಿದೆ. ಪರೀಕ್ಷೆ ಸಾಲದು, ಇನ್ನೂ ಹದಿನಾಲ್ಕು ದಿನ ನಡೆಸಿ ಎಂದು ಉತ್ತರ ಬಂತು. ಬರೆದದ್ದು ಮನುಷ್ಯರೋ ಯಂತ್ರವೋ ತಿಳಿಯದು, ಯಾರ ಹತ್ತಿರ ಜಗಳವಾಡುವುದು? ಟೈಲರಣ್ಣನ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವ ಮನಸ್ಸೂ ಬರಲಿಲ್ಲ. ಆ್ಯಪ್ ಇವತ್ತಿಗೂ ಆ ಹನ್ನೆರಡು ಫೋನುಗಳಲ್ಲೇ ಉಳಿದಿದೆ.

ಬೊಜ್ಜದ ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ ಒಂದು ದಿನ ಅಕ್ಕ ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ಪಂಚಾಯತಿನಿಂದ ಬಂದ ಮಲಯಾಳ ಪತ್ರ, ಇನ್ನೊಂದರಲ್ಲಿ ಗಂಡನ ಫೋನು. ಅದು ಪೂರ್ತಿ ಚಾರ್ಜ್ ಆಗಿತ್ತು.

"ಇದ್ರಲ್ಲಿ ಫೋಟೋ ತೆಗೆದ್ರೆ ಓದ್ತದೆ ಅಂತ ಅವರು ಹೇಳ್ತಿದ್ರು. ನನಗೆ ಎಲ್ಲಿ ಒತ್ತುವುದು ಅಂತ ಗೊತ್ತಿಲ್ಲ. ಮುಂದೆ ನನಗೆ ಬೇಕಾಗ್ತದೆ ಅಂತ ಅಲ್ವಾ ನೀನು ಅವತ್ತು ಆಫ್ ಮಾಡ್ಬೇಡಿ ಅಂದದ್ದು?"

ನಾನು ಫೋಟೋ ತೆಗೆದೆ. ಆ್ಯಪ್ ಟೈಲರಣ್ಣನ ಹೆಸರನ್ನು ಸ್ಪಷ್ಟವಾಗಿ ಓದಿ, ಮರಣ ನೋಂದಣಿಗೆ ಇನ್ನೆರಡು ದಾಖಲೆ ತರಬೇಕೆಂದು ಹೇಳಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಉತ್ತರಕ್ಕೆ ಕಾದರು.

"ಹೌದಕ್ಕ," ಎಂದೆ.