ಮುಂಡಪ್ಪಣ್ಣನ ಕೈಸನ್ನೆ

ಬಹರೈನಿನಲ್ಲಿ ಕ್ರೇನು ನಡೆಸುವವರು ಹಲವರಿದ್ದಾರೆ. ಆದರೆ ನೆಲದ ಮೇಲೆ ನಿಂತು ಬರಿಯ ಕೈಸನ್ನೆಯಿಂದ ಆ ಕ್ರೇನನ್ನೇ ಆಡಿಸುವ ರಿಗ್ಗರ್‌ಗಳ ನಡುವೆ ಶ್ರೀ ಮುಂಡಪ್ಪನವರಷ್ಟು ನಂಬಿಕೆ ಗಳಿಸಿದವರನ್ನು ಅಸ್ಕರಿನ ನಮ್ಮ ಯಾರ್ಡು ಕಂಡಿಲ್ಲ. ಮೂಲ್ಕಿಯಿಂದ ಹೆಲ್ಪರ್ ಆಗಿ ಬಂದವರು ಫೋರ್‌ಮನ್ ಆದ ಮೇಲೂ, ನಡುಹಗಲಿನ ಬಿಸಿಲಿಗೆ ತಾವು ನಿಂತು ಹೊಸಬರನ್ನು ನೆರಳಿಗೆ ಕಳಿಸುವ ಅಭ್ಯಾಸ ಬಿಡಲಿಲ್ಲ. ಅವರಿಂದ ಸನ್ನೆ ಕಲಿತವರಲ್ಲಿ ಫಿಲಿಪ್ಪೀನ್ಸಿನ ಡಿಕ್ಸನ್ ಒಬ್ಬ. ಆತ ಊರಿಗೆ ಮರಳಿದ. ಅವನ ತಮ್ಮ ಕೀತ್ ನಮ್ಮ ಮೆಸ್ಸಿನ ಅಡುಗೆಗೆ ಉಳಿದ.

ಕಳೆದ ವರ್ಷ ಆ ಅಣ್ಣತಮ್ಮಂದಿರ ಸೀಮೆಯಲ್ಲಿ, ಜ್ವಾಲಾಮುಖಿಯ ಬುಡದ ಕಡಲೂರುಗಳ ಹತ್ತಿರ, ನೆಲ ನಡುಗಿತು. ಕಂಪನ ಮಧ್ಯಮದ್ದೇ, ಆದರೆ ಆಳದಲ್ಲಾಗದೆ ನೆಲದ ಮೇಲುಪದರದಲ್ಲೇ ಆದದ್ದರಿಂದ ಗೋಡೆಗಳು ಕೂತುಬಿಟ್ಟವು. ಕೀತನ ಅಮ್ಮ ಮನೆಯೊಳಗೆ ಸಿಕ್ಕಿಕೊಂಡಿದ್ದಾರೆಂದು ಸುದ್ದಿ ಬಂತು. ಅನ್ನದ ಹಂಡೆ ಒಲೆಯ ಮೇಲಿರುವಂತೆಯೇ ನಾವೆಲ್ಲ ಅವನ ಫೋನನ್ನು ಮುತ್ತಿದೆವು. ನೆರೆಯಾಕೆಯೊಬ್ಬಳು ಬಿರಿದ ರಸ್ತೆಯ ಈಚೆ ನಿಂತು ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಿದ್ದಳು. ಆಚೆ, ಕುಸಿದ ಗೋಡೆಯ ಮೇಲೆ ಡಿಕ್ಸನ್. ಅವನ ಕೂಗು ಸೈರನ್ನಿನಲ್ಲಿ ಮುಳುಗಿತ್ತು. ಇತ್ತ ತಿರುಗಿದವನು ಎರಡು ಕೈಗಳನ್ನು ಎದೆಯ ಮುಂದೆ ಹೆಣೆದು ನಿಂತ.

"ಪ್ರೇಯರ್ ಕರ್ ರಹಾ ಹೈ... ಮಮ್ಮಾ ಖಲಾಸ್," ಎಂದು ಕೀತ್ ನೆಲಕ್ಕೆ ಕುಸಿದ. ಅಣ್ಣ ಪ್ರಾರ್ಥಿಸುತ್ತಿದ್ದಾನೆ, ಅಮ್ಮ ಹೋದರು ಎಂದೇ ನಾವೂ ತಿಳಿದೆವು.

ಮುಂಡಪ್ಪನವರು ಎಲ್ಲರನ್ನೂ ತಳ್ಳಿಕೊಂಡು ಬಂದರು. "ಅರೇ ಪಾಗಲ್, ಉಠ್! ಏ ಪ್ರೇಯರ್ ನಹೀಂ, ಮೇರಾ ಸಿಗ್ನಲ್ ಹೈ!" ಎಂದು ಗದರಿ ನಮ್ಮತ್ತ ತಿರುಗಿದರು. "ನೀವು ಎಂತ ಬೊಂಬೆಯ ಹಾಗೆ ನಿಂತಿದ್ದೀರಿ ಮಾರಾಯ್ರೆ? ಕೈ ಹೆಣೆದ್ರೆ ಎಂತ? ಲೋಡು ಭದ್ರ ಉಂಟು, ಯಾರೂ ಮುಟ್ಟಬೇಡಿ ಅಂತ ಅಲ್ವಾ!"

"ಅವನು ಸನ್ನೆ ಮರೆತಿದ್ರೆ, ಅಣ್ಣಾ?" ಎಂದ ಕ್ರೇನಿನ ತಿಲಕ್.

"ನನ್ನ ಬೈಗುಳ ತಿಂದು ಕಲಿತವ. ಸತ್ರೂ ಮರೆಯುದಿಲ್ಲ."

ಅಷ್ಟರಲ್ಲಿ ಡಿಕ್ಸನ್ ಗೋಡೆಯ ಆಚೆಗಿದ್ದವರತ್ತ ತಿರುಗಿ, ತೋರುಬೆರಳೆತ್ತಿ ಮೆಲ್ಲಗೆ ಸುತ್ತಿಸಿದ. "ನೋಡು, ಎತ್ತಿಸ್ತಾನೆ! ನಿಧಾನ... ನಿಧಾನ..." ಎನ್ನುತ್ತ ಮುಂಡಪ್ಪನವರ ಬೆರಳೂ ಗಾಳಿಯಲ್ಲಿ ತಿರುಗತೊಡಗಿತು, ಅಷ್ಟು ದೂರದ ಭಾರವನ್ನು ಇಲ್ಲಿಂದಲೇ ಎತ್ತುವವರಂತೆ. ಗೋಡೆಯ ಮೇಲಿಂದ ಒಂದು ಕುರ್ಚಿ ಬಂತು. ಅದರಲ್ಲಿ ಮೈಯೆಲ್ಲ ಧೂಳಾಗಿ, ಹೊತ್ತವರನ್ನು ಬೈಯುತ್ತಿದ್ದ ಕೀತನ ಅಮ್ಮ! ಮೆಸ್ಸಿನ ತಗಡು ಹಾರಿಹೋಗುವಂತೆ ಕೂಗಿದೆವು. ಸೀದ ಅನ್ನವನ್ನು ಅಂದು ಯಾರೂ ದೂರಲಿಲ್ಲ.

ಇದೀಗ ನಿವೃತ್ತರಾಗುತ್ತಿರುವ ಮುಂಡಪ್ಪನವರಿಗೆ ದೇವರು ದೀರ್ಘಾಯುಷ್ಯವನ್ನೂ ಗಟ್ಟಿ ತೋಳನ್ನೂ ಕರುಣಿಸಲಿ. ಊರಿನಲ್ಲಿಯೂ ಹೊಸಬರಿಗೆ ಸನ್ನೆ ಕಲಿಸುವ ಅವರ ಕೆಲಸ ನಡೆಯುತ್ತಿರಲಿ. ಈ ಸಮಾರಂಭಕ್ಕೆಂದು ಕೀತನ ಅಮ್ಮ ವಿಡಿಯೋ ಕಳಿಸಿದ್ದಾರೆ. ಅದರಲ್ಲಿ ಮಾತಿಲ್ಲ. ಅದೇ ಕುರ್ಚಿಯಲ್ಲಿ ಕೂತು, ಎರಡು ಕೈಗಳನ್ನು ಎದೆಯ ಮುಂದೆ ಹೆಣೆದಿದ್ದಾರೆ.